ತೊಳೆಯಬಾರದಿದ್ದ ಹರಳು

ನಾನು ಬಿ.ಎಸ್ಸಿ. ಪಾಸಾದ ಮೇಲೆ ಮನೆಯಲ್ಲಿ ನನ್ನದೊಂದು ಹಕ್ಕು ಹೋಯಿತು. "ಗೊತ್ತಿಲ್ಲ" ಎನ್ನುವ ಹಕ್ಕು. ಅಕ್ಕಲಕೋಟೆಯ ನಮ್ಮ ಓಣಿಯವರು ಔಷಧದ ಚೀಟಿ ತರುತ್ತಿದ್ದರು, ತೊಗರಿಗೆ ಬಿದ್ದ ಹುಳವನ್ನು ಕಡ್ಡಿಪೆಟ್ಟಿಗೆಯಲ್ಲಿ ಹಿಡಿದು ತರುತ್ತಿದ್ದರು, ಕೆಟ್ಟ ರೇಡಿಯೊವನ್ನೂ ತರುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತು, "ನಮ್ಮ ಹುಡುಗ ಬಿ.ಎಸ್ಸಿ. ಆಗ್ಯಾನ, ಅವಗ ಕೇಳ್ರಿ" ಎನ್ನುತ್ತಿದ್ದ. ನಾನು ಏನಾದರೊಂದು ಹೇಳಿ ಕಳಿಸುತ್ತಿದ್ದೆ. ಮನೆತನದಲ್ಲಿ ಮೊದಲ ಪದವೀಧರ ನಾನು. ನಡುವೆ ಒಂದು ವರ್ಷ ನಪಾಸಾಗಿ, ರಜೆಯಲ್ಲೆಲ್ಲ ಹೊಲದ ಕೆಲಸ ಮಾಡಿ ಪಡೆದ ಪದವಿ ಅದು. ಒಂದು "ಗೊತ್ತಿಲ್ಲ"ಕ್ಕೆ ಅದನ್ನು ಸಣ್ಣದು ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಸೋಲಾಪುರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ದಿನಾ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬರುವುದು. ಒಮ್ಮೆ ಬಾಜಾರಕ್ಕೆ ಬಂದ ಅಪ್ಪ, ಮಗ ಏನು ಮಾಡುತ್ತಾನೆ ನೋಡೋಣವೆಂದು ಪ್ರಯೋಗಶಾಲೆಗೆ ಬಂದ. ಕಪಾಟಿನ ತುಂಬ ಬಾಟಲಿಗಳು, ಅವುಗಳಲ್ಲಿ ಔಷಧದ ನೀರಿನಲ್ಲಿ ಬೆಳ್ಳಗಾದ ಮೀನು, ನಕ್ಷತ್ರಮೀನು, ಹವಳದ ತುಂಡು. ನಾನು ಒಂದೊಂದರ ಲ್ಯಾಟಿನ್ ಹೆಸರು ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಸತ್ತದ್ದರ ಹೆಸರು ಹೇಳಾಕ ಇಷ್ಟು ವರ್ಷ ಕಲೀಬೇಕಾತೇನೋ? ಒಂದರೆ ಜೀವಂತ ಇಟ್ಟು ತೋರಸು" ಎಂದ. ಹಾಸ್ಯಕ್ಕೇ ಅಂದಿರಬೇಕು. ನನಗೆ ಮಾತ್ರ ಅದು ಚುಚ್ಚಿತು.

ಹಾಗೆ ಶುರುವಾಯಿತು ಆ ಹುಚ್ಚು. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಮೀನು ಎಂಬ ಪದವನ್ನೇ ಒಲೆಯ ಹತ್ತಿರ ಆಡದ ಮನೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರ ಇಡುವುದು. ಪೆಟ್ಟಿಗೆ ಸೋಲಾಪುರದಲ್ಲೇ ಸಿದ್ಧವಾಯಿತು. ಮುಂಬಯಿಗೆ ಚಾದರ ಒಯ್ಯುವ ಲಾರಿಯ ಡ್ರೈವರ್ ಪರಿಚಯದವರು. ವಾಪಸ್ ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತಂದುಕೊಟ್ಟರು. "ನಿಮ್ಮೂರ ಬಾವಿ ನೀರೂ ಸವಳ ಅದಲ್ರೀ ಸರ, ಇದ್ಯಾಕ ಬೇಕ್ರಿ?" ಎಂದು ಕೇಳಿದರು. ಅದಕ್ಕೂ ಒಂದು ಉತ್ತರ ಕೊಟ್ಟೆ.

ಇನ್ನು ಉಳಿದದ್ದು ನೀರು ಸೋಸುವ ಸಾಧನ. ಅಲ್ಲಿಯೇ ನಾನು ಸಿಕ್ಕಿಹಾಕಿಕೊಂಡದ್ದು.

ಕಾಲೇಜಿನ ಗ್ರಂಥಾಲಯದಲ್ಲಿ ಮೀನು ಸಾಕುವ ಬಗ್ಗೆ ಇದ್ದದ್ದು ಒಂದೇ ಇಂಗ್ಲಿಷ್ ಪುಸ್ತಕ. ಅದರಲ್ಲಿ ಸಮುದ್ರದ ಮೀನಿಗೆ ಎರಡು ಪುಟ. ಆ ಎರಡು ಪುಟದಲ್ಲಿ ಎರಡು ಬಗೆಯ ಸಾಧನ. ಒಂದು, ಮೂಲೆಯಲ್ಲಿ ಇಡುವ ಡಬ್ಬಿ: ಒಳಗೆ ಹತ್ತಿ, ಇದ್ದಿಲು. ಇನ್ನೊಂದು, ತಳದಲ್ಲಿ ಹಾಸುವ ತೂತಿನ ತಟ್ಟೆ: ಅದರ ಮೇಲೆ ಸಣ್ಣ ಕಲ್ಲಿನ ಹರಳು ಹರಡಬೇಕು, ಪಂಪಿನ ಗಾಳಿ ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಮೇಲಿನ ನೀರು ಹರಳಿನ ಮೂಲಕ ಕೆಳಗಿಳಿಯುತ್ತದೆ. ಯಾವುದು ಒಳ್ಳೆಯದು ಎಂದು ಪುಸ್ತಕ ಹೇಳಲಿಲ್ಲ. ವಿಭಾಗದ ಮುಖ್ಯಸ್ಥರನ್ನು ಕೇಳಿದೆ. "ನೋಡ್ರಿ, ಬಾಟಲ್ಯಾಗಿನ ಮೀನಂದ್ರ ಯಾವ ತಕರಾರೂ ಇಲ್ಲ" ಎಂದರು.

ಮೊದಲು ಡಬ್ಬಿಯ ಪಕ್ಷ ಹಿಡಿದೆ. ಸೋಲಾಪುರದಲ್ಲಿ ಹತ್ತಿಗೇನು ಬರ? ಮಿಲ್ಲಿನ ಹತ್ತಿ ತುಂಬಿ, ಎಣ್ಣೆಡಬ್ಬಿಯನ್ನೇ ಕತ್ತರಿಸಿ, ಕಾಲೇಜಿನಿಂದ ಎರವಲು ತಂದ ಗಾಳಿಯ ಪಂಪು ಹಚ್ಚಿ ಒಂದನ್ನು ಮಾಡಿದೆ. ಮೂರು ದಿನಕ್ಕೆ ನೀರಿನ ತುಂಬ ಎಳೆ ತೇಲಿತು, ಡಬ್ಬಿ ತುಕ್ಕು ಹಿಡಿದು ನೀರು ಚಹಾದ ಬಣ್ಣಕ್ಕೆ ಬಂತು. ಒಂದು ಕ್ಯಾನು ಸಮುದ್ರ ಬಚ್ಚಲಿಗೆ ಹೋಯಿತು. ಲಾರಿಯ ದಾರಿ ಕಾಯ್ದು ಮತ್ತೆ ತರಿಸಿದೆ. ಇದ್ದಿಲನ್ನು ಬದಲಿಸಿದೆ, ನೀರು ಕಪ್ಪಾಯಿತು. ಅದರ ಮೇಲೆ ಸಂಜೆಯ ಹೊತ್ತು ಕರೆಂಟ್ ಹೋಗುವ ಕಾಲ ಅದು. ಪಂಪು ನಿಂತರೆ ಗಾಳಿಯಿಲ್ಲ. ಅದಕ್ಕೆಂದು ಲಾರಿಯ ಹಳೆಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಆಸ್ಪತ್ರೆಯ ಸಲಾಯಿನ್ ನಳಿಗೆಯಿಂದ ಸ್ವಲ್ಪ ಸ್ವಲ್ಪವೇ ಬಿಡುವ ಏರ್ಪಾಡು ಮಾಡಿದೆ. ಅದೊಂದೇ ಸರಿಯಾಗಿ ನಡೆದದ್ದು.

ಕೊನೆಗೆ ಎರಡರ ಚಿತ್ರವನ್ನೂ ಹಾಳೆಯ ಮೇಲೆ ಬರೆದು, ನೀರಿನ ದಾರಿಯನ್ನು ಬಾಣದ ಗುರುತಿನಿಂದ ತೋರಿಸಿಕೊಂಡು, ತಟ್ಟೆಯೇ ಆಗಬೇಕೆಂದು ತೀರ್ಮಾನಿಸಿದೆ. ಹಾಳೆಯನ್ನು ಅವ್ವನಿಗೂ ತೋರಿಸಿದೆ.

"ಕಸ ಎಲ್ಲಿ ಹೋಗ್ತದ?" ಎಂದಳು.

"ಹರಳಿನ್ಯಾಗ ಉಳೀತದ."

"ಮತ್ತ ಯಾವಾಗ ತಗೀತಿ ಅದನ್ನ?"

ಪುಸ್ತಕದಲ್ಲಿ ಅದು ಇರಲಿಲ್ಲ. "ಐತವಾರಕ್ಕೊಮ್ಮೆ" ಎಂದೆ. ಆ ಕ್ಷಣದಲ್ಲಿ ಬಾಯಿಗೆ ಬಂದ ಮಾತು. ಆಡಿದ ಮೇಲೆ ಅದೇ ನಿಯಮವಾಯಿತು.

ಮುಂಬಯಿಯಲ್ಲಿ ಸಾಕುವ ಮೀನು ಮಾರುವ ಒಂದು ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ಮೊಣಕೈವರೆಗೆ ಒದ್ದೆ. ತಟ್ಟೆ, ಸ್ವಂತದ್ದೊಂದು ಪಂಪು, ಹೊಸ ಹರಳಿನ ಚೀಲ, ಎರಡು ಹವಳದ ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಹೂವಿನಂತೆ ಅರಳಿ ಕೂತಿದ್ದ ಕಡಲಹೂ ಎಂಬ ಒಂದು ಪ್ರಾಣಿ, ಎಲ್ಲ ಕೊಟ್ಟರು. ಊರು ಯಾವುದೆಂದು ಕೇಳಿದರು. ಹೇಳಿದೆ.

"ಅಸ್ಸಂ. ಘರೀ ಗಾಈ-ಮ್ಹಶೀ ಅಸತೀಲಚ" ಎಂದರು. ಹಾಗೋ, ಮನೆಯಲ್ಲಿ ಆಕಳು-ಎಮ್ಮೆ ಇದ್ದೇ ಇರುತ್ತವೆ ಎಂದು. ಅಂದರೆ ನಾನು ಹಳ್ಳಿಯವ. ನಾನು ಬಿ.ಎಸ್ಸಿ. ಎಂದು ಹೇಳಿದೆ, ಕೇಳದಿದ್ದರೂ. ಅವರು ತಲೆದೂಗಿ, ತಮ್ಮ ಹಳೆಯ ತೊಟ್ಟಿಯೊಂದರ ತಳದಿಂದ ಎರಡು ಬೊಗಸೆ ಕಂದು ಬಣ್ಣದ ಹರಳನ್ನು ಎತ್ತಿ, ನೀರು ಸೋರುವಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ನನ್ನ ಕೈಗಿಟ್ಟರು. "ಹೇ ಪಣ ಘ್ಯಾ. ವಿರಜಣ ಆಹೆ."

ಇದನ್ನೂ ತೆಗೆದುಕೊಳ್ಳಿ, ಇದು ವಿರಜಣ ಎಂದು. ವಿರಜಣ ಎಂದರೆ ಹೆಪ್ಪು. ಮೊಸರಿಗೆ ಹಾಕುವ ಹೆಪ್ಪು. ಮರಾಠಿ ನನಗೆ ಕನ್ನಡದಷ್ಟೇ ಬರುತ್ತದೆ. ಪದ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಎಮ್ಮೆ ಕಾಯುವವನಿಗೆ ಮೊಸರಿನ ಚೇಷ್ಟೆ ಎಂದುಕೊಂಡೆ. ಹೊಲಸು ಮಾಲನ್ನು ಹಳ್ಳಿಯವನ ತಲೆಗೆ ಕಟ್ಟುತ್ತಿದ್ದಾರೆ ಎಂದೂ ಅನಿಸಿತು. "ಹಾಗೆಂದರೇನು?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಪದವೀಧರ ಹೇಗೆ ಕೇಳುತ್ತಾನೆ?

ಮನೆಗೆ ಬಂದು ಆ ಕಂದು ಹರಳನ್ನು ಬೋಗುಣಿಯಲ್ಲಿ ಚೆನ್ನಾಗಿ ಕುದಿಸಿ, ಮೂರು ನೀರಿನಲ್ಲಿ ತೊಳೆದೆ. ಬೆಳ್ಳಗೆ ಹೊಳೆಯುವಂತೆ ಮಾಡಿ, ಹೊಸ ಹರಳಿನ ಜೊತೆ ತಟ್ಟೆಯ ಮೇಲೆ ಹರಡಿದೆ. ಅಷ್ಟು ಸ್ವಚ್ಛ ಪೆಟ್ಟಿಗೆಯನ್ನು ನಾನು ಆಮೇಲೆ ನೋಡಿಲ್ಲ.

ಎಂಟು ದಿನ ಓಣಿಯೆಲ್ಲ ಬಂದು ನೋಡಿತು. "ಸಾಕಾಕ ತಂದಾನೋ, ತಿನ್ನಾಕೋ?" ಎಂದು ಪಕ್ಕದ ಮನೆಯಾಕೆ ಅವ್ವನನ್ನು ಕೇಳಿದಳು. "ನೋಡಾಕ ತಂದಾನ. ನೀ ನೋಡು, ನೋಡಿ ಹೋಗು" ಎಂದಳು ಅವ್ವ. ಅಪ್ಪ ಹೊಲದಿಂದ ಬಂದವನು ಕಾಲು ತೊಳೆಯುವ ಮುಂಚೆ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದ.

ಐತವಾರ ಬಂತು. ಮಾತು ಕೊಟ್ಟಂತೆ ಹರಳನ್ನೆಲ್ಲ ತೆಗೆದು ನಳದ ನೀರಿನಲ್ಲಿ ತೊಳೆದು ಹಾಕಿದೆ. ಎರಡು ದಿನಕ್ಕೆ ಕಡಲಹೂ ಮುದುಡಿತು, ಮರುದಿನ ನಾರತೊಡಗಿತು. ತೆಗೆದುಹಾಕಿದೆ. ಮುಂದಿನ ಐತವಾರ ಇನ್ನೂ ಜೋರಾಗಿ ತಿಕ್ಕಿ ತೊಳೆದೆ. ಒಂದು ಮೀನು ಸತ್ತಿತು. ಉಳಿದ ಒಂದು ಮೇಲ್ಭಾಗದಲ್ಲಿ ಬಾಯಿ ಬಾಯಿ ಬಿಡುತ್ತಿತ್ತು. ಪಂಪು ಸರಿಯಿದೆ, ತಟ್ಟೆ ಸರಿಯಿದೆ, ನೀರು ಹಾಳೆಯ ಮೇಲಿನ ಬಾಣದಂತೆಯೇ ಇಳಿದು ಏರುತ್ತಿದೆ. ಹಾಗಾದರೆ ಏನು ತಪ್ಪು? ಆ ಎರಡು ಪುಟಗಳನ್ನು ಬಾಯಿಪಾಠ ಆಗುವವರೆಗೆ ಓದಿದೆ. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಉಳಿದಿದ್ದ ಕ್ಯಾನಿನಿಂದ ದಿನಾ ಒಂದಿಷ್ಟು ನೀರು ಬದಲಿಸುತ್ತ ಆ ಒಂದು ಮೀನಿನ ಜೀವ ಹಿಡಿದಿಟ್ಟೆ. ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು.

"ಏ ಅಕ್ಕಾ, ಒಂಚೂರು ಹೆಪ್ಪ ಕೊಡ. ನಮ್ಮ ಸೊಸಿ ಮೊಸರಿನ ಗಡಗಿ ಬಿಸಿನೀರು ಹಾಕಿ ತಿಕ್ಕಿ ಇಟ್ಟಾಳ. ಒಂದು ಹನಿ ಉಳಿಸಿಲ್ಲ."

ಅವ್ವ ನಕ್ಕಳು. "ಶ್ಯಾಣ್ಯಾಕಿ ಇದ್ದಾಳ ಬಿಡ. ಅಷ್ಟು ಸ್ವಚ್ಛ ಮಾಡಿದ ಮ್ಯಾಲೆ ಹಾಲು ಕೆಡತದ, ಮೊಸರಾಗಂಗಿಲ್ಲ."

ನಾನು ಹಲ್ಲುಜ್ಜುತ್ತಿದ್ದವನು ಹಾಗೆಯೇ ನಿಂತೆ. ಅಂಗಡಿಯವರು ಚೇಷ್ಟೆ ಮಾಡಿರಲಿಲ್ಲ. ಆಕಳು-ಎಮ್ಮೆ ಇರುವ ಮನೆಯವನಿಗೆ ಬೇಗ ತಿಳಿಯಲಿ ಎಂದು ಅವನ ಮನೆಯ ಮಾತನ್ನೇ ಹುಡುಕಿ ಹೇಳಿದ್ದರು. ಸೋಸುವುದೆಂದರೆ ನನಗೆ ಗೊತ್ತಿದ್ದದ್ದು ಚಹಾ ಸೋಸುವುದು: ಚರಟ ಚೆಲ್ಲು, ಅರಿವೆ ತೊಳೆ. ಇಲ್ಲಿ ನೀರನ್ನು ಶುದ್ಧ ಮಾಡುವುದು ತಟ್ಟೆಯಲ್ಲ, ಹರಳಿಗೆ ಅಂಟಿಕೊಂಡ ಆ ಕಂದು ಜೀವ. ಸೂಕ್ಷ್ಮಾಣುಗಳ ಮೇಲೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಪಾಸಾದವನು ನಾನು. ಅವನ್ನೇ ಬೋಗುಣಿಯಲ್ಲಿ ಕುದಿಸಿದ್ದೆ.

ಅಂದೇ ರಜೆ ಹಾಕಿ ಮುಂಬಯಿ ರೈಲು ಹತ್ತಿದೆ. ಮೀನನ್ನು ಅಪ್ಪನಿಗೆ ಒಪ್ಪಿಸಿ, ಕರೆಂಟ್ ಹೋದರೆ ಟ್ಯೂಬಿಗೆ ಗಾಳಿ ಹೊಡೆಯಬೇಕೆಂದು ತೋರಿಸಿಕೊಟ್ಟೆ. ಅಂಗಡಿಯವರ ಮುಂದೆ ನಿಂತು, ಹೆಪ್ಪು ಬೇಕೆಂದು, "ವಿರಜಣ ಪಾಹಿಜೆ" ಎಂದೆ. "ಪಹಿಲಂ ಧುತಲಂತ ಕಾ?" ಎಂದರು, ಮೊದಲಿನದನ್ನು ತೊಳೆದಿರಾ ಎಂದು. "ಉಕಳಲಂ" ಎಂದೆ, ಕುದಿಸಿದೆ ಎಂದು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮತ್ತೆ ಎರಡು ಬೊಗಸೆ ಎತ್ತಿ ಹಾಕಿದರು. ಬರುವಾಗ ದಾರಿಯುದ್ದಕ್ಕೂ ಆ ಒದ್ದೆ ಚೀಲ ನನ್ನ ತೊಡೆಯ ಮೇಲಿತ್ತು.

ಮನೆಗೆ ಬಂದಾಗ ಪೆಟ್ಟಿಗೆಯಲ್ಲಿ ನೀರು ಮಾತ್ರ. ಮೀನನ್ನು ಅಪ್ಪ ಒಂದು ಎಲೆಯ ಮೇಲೆ ಇಟ್ಟು, ಮೇಲೆ ಬಟ್ಟಲು ಮುಚ್ಚಿದ್ದ.

"ಗಾಳಿ ನಾ ಸರಿಯಾಗಿ ಹೊಡದೀನಿ ನೋಡು. ಕರೆಂಟ್ ಎರಡು ಸರ್ತಿ ಹೋಗಿತ್ತು, ಎರಡೂ ಸರ್ತಿ ಹೊಡದೀನಿ" ಎಂದ. ಅವನ ಅಂಗೈ ಕೆಂಪಾಗಿತ್ತು.

"ನಿನ್ನ ತಪ್ಪಲ್ಲಪಾ. ನಂದು" ಎಂದೆ.

ಚೀಲ ಬಿಚ್ಚಿ, ತೊಳೆಯದೆ, ಮೂಸಿದರೆ ಹಳಸಲು ವಾಸನೆ ಬರುವ ಹರಳನ್ನು ತಟ್ಟೆಯ ಮೇಲೆ ಹರಡಿದೆ. ಪಂಪು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಸೈಕಲ್ ಪಂಪು ತೆಗೆದುಕೊಂಡು ಟ್ಯೂಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ.

"ಮೀನೇ ಇಲ್ಲ, ಯಾರಿಗೆ ಹೊಡ್ಯಾಕತ್ತೀ?" ಎಂದ ಅಪ್ಪ.

"ಹೆಪ್ಪಿಗೆ."

"ಅದು ಆಗಾಕ ಎಷ್ಟು ದಿನ ಬೇಕು?"

ಕಟ್ಟೆಯ ಮೇಲೆ ಪಕ್ಕದ ಮನೆಯಾಕೆ ಕೂತಿದ್ದಳು, ಇನ್ನಿಬ್ಬರು ನಿಂತಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಗೊತ್ತಿಲ್ಲ" ಎಂದೆ.

ಅಪ್ಪ, "ಐತವಾರ ಮಾತ್ರ ಅದನ್ನ ಮುಟ್ಟಬ್ಯಾಡ" ಎಂದು ಹೇಳಿ ಕಾಲು ತೊಳೆಯಲು ಹೋದ.