ಸುರುಳಿ ಭಾವನ ಬೈಗುಳ

ನಮ್ಮ ಬೀದಿಯಲ್ಲಿ ಫ್ಯಾನು ಕೆಟ್ಟರೆ ಜನ ಮೊದಲು ಹೊಟ್ಟೆ ತುಂಬ ಊಟ ಮಾಡುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಸುರುಳಿ ಭಾವನ ಅಂಗಡಿಗೆ ಹೋಗುವಷ್ಟು ಗಟ್ಟಿ ಗುಂಡಿಗೆ ಯಾರಿಗೂ ಇರಲಿಲ್ಲ. ಫ್ಯಾನು, ಪಂಪು, ಮಿಕ್ಸಿ, ಯಾವುದರ ಮೋಟರು ಸುಟ್ಟರೂ ಒಳಗಿನ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತಿಕೊಡುವುದು ಅವನ ಕಸುಬು. ತಂತಿ ಸುತ್ತುವ ಮೊದಲು ಗಿರಾಕಿಯನ್ನು ಸುತ್ತುತ್ತಿದ್ದ. "ಇದು ಫ್ಯಾನಾ, ಜೇಡರ ಹುಳದ ಹೆರಿಗೆ ಆಸ್ಪತ್ರೆಯಾ? ಒರೆಸೋಕೆ ಕೈಗೆ ಲಕ್ವ ಹೊಡೆದಿತ್ತಾ?" ಅವನು ಒಮ್ಮೆ ಬೈದ ಬಿಸಿಗೆ ಗಿರಾಕಿಯ ಕೈಯಲ್ಲಿದ್ದ ತಣ್ಣನೆಯ ಟೀ ಕುದಿಯಿತು ಎಂದರೆ ನೀವು ನಂಬಲಾರಿರಿ. ಎದುರಿನ ಕ್ಷೌರದಂಗಡಿ ನನ್ನದು, ಕಣ್ಣಾರೆ ಕಂಡಿದ್ದೇನೆ.

ಅವನ ಹೆಂಡತಿ ನನ್ನನ್ನು ಅಣ್ಣ ಎನ್ನುತ್ತಾಳೆ. ಹಾಗಾಗಿ ಅವನು ನನಗೆ ಭಾವ. ನನ್ನ ಬಾಯಿಂದ ಕೇಳಿ ಕೇಳಿ ಬೀದಿಗೆಲ್ಲ ಭಾವನಾದ.

ಬಾಯಿ ಎಷ್ಟು ಒರಟೋ ಕೈ ಅಷ್ಟು ನಯ. ಸುತ್ತಿದ ತಂತಿಯನ್ನು ನೂಲಿನಿಂದ ಬಿಗಿದು ಅವನು ಹಾಕುವ ಗಂಟನ್ನು ಬಿಚ್ಚಲು ಅವನೇ ಬೇಕು. ಅವನಿಗೆ ಒಂದು ವ್ರತವೂ ಇತ್ತು. ರಿಪೇರಿಯಾದ ಯಾವ ಮೋಟರಿಗೂ ನೇರ ಕರೆಂಟು ಕೊಡುತ್ತಿರಲಿಲ್ಲ. ಮೊದಲು ಹಲಗೆಗೆ ಬಿಗಿದ ಒಂದು ಬಲ್ಬಿನ ಮೂಲಕ ಹರಿಸುತ್ತಿದ್ದ. ಅದಕ್ಕೆ ಸೀರೀಸ್ ಬಲ್ಬು ಅನ್ನುತ್ತಾರೆ. ಬಲ್ಬು ಮಂಕಾಗಿ ಉರಿದರೆ ಮೋಟರು ಸರಿ. ಝಗ್ಗನೆ ಉರಿದರೆ ಒಳಗೆ ದೋಷವಿದೆ, ಆದರೆ ಮೋಟರು ಸುಡುವುದಿಲ್ಲ.

ಇಂಥವನು ಒಂದು ಬೇಸಿಗೆಯಲ್ಲಿ ಬೈಯುವುದನ್ನು ನಿಲ್ಲಿಸಿಬಿಟ್ಟ.

ಮೊದಮೊದಲು ಬೀದಿಯೇ ಖುಷಿಪಟ್ಟಿತು. ನಾನೂ ನನ್ನ ಅಂಗಡಿಯ ಫ್ಯಾನನ್ನು, ಅದರ ತುಂಬ ಕೂದಲಿದ್ದರೂ, ಧೈರ್ಯವಾಗಿ ಒಯ್ದು ಕೊಟ್ಟೆ. "ಇಟ್ಟು ಹೋಗು" ಎಂದನಷ್ಟೆ. ಮರಳಿ ಬಂದ ಫ್ಯಾನು ಹಿಮ್ಮುಖವಾಗಿ ತಿರುಗಿತು. ಎರಡು ತಂತಿ ಅದಲುಬದಲಾಗಿದ್ದವು. ಹೊಸಬರು ಮಾಡುವ ತಪ್ಪು. ಗಾಳಿಯೆಲ್ಲ ಮೇಲಕ್ಕೆ. ಕತ್ತರಿಸಿದ ಕೂದಲು ಹಾರಿ ಹೋಗಿ ಸೂರಿಗೆ ಅಂಟಿ, ತಿಂಗಳಿಗೊಮ್ಮೆ ಏಣಿ ಹಾಕಿ ಸೂರಿಗೂ ಕಟಿಂಗ್ ಮಾಡಬೇಕಾಯಿತು. ಹೇಳಿದರೆ ನೊಂದುಕೊಂಡಾನೆಂದು ಬೆವರು ಒರೆಸಿಕೊಳ್ಳುತ್ತಾ ಸುಮ್ಮನಿದ್ದೆ.

ಆಮೇಲೆ ಭಾವನ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ಒಂದು ಮಧ್ಯಾಹ್ನ ತಂಗಿ ಬಂದು ನನ್ನ ಗಿರಾಕಿಗಳ ಕುರ್ಚಿಯಲ್ಲೇ ಕುಸಿದಳು.

"ಅಣ್ಣಾ, ಇವತ್ತು ಬೇಕಂತಲೇ ಮಿಕ್ಸೀನ ಅವರ ಕಣ್ಮುಂದೆ ನಲ್ಲಿ ಕೆಳಗಿಟ್ಟು ತೊಳೆದೆ. ಮೋಟರ್ ಸಮೇತ."

ಕತ್ತರಿ ಕೆಳಗಿಟ್ಟೆ. "ಏನಂದ?"

"ಹ್ಞೂಂ ಅಂದ್ರು. ಅಷ್ಟೇ. ಊಟ ಬೇಡ, ನಿದ್ದೆ ಇಲ್ಲ. ನಾನಿದ್ದರೆಷ್ಟು, ಹೋದರೆಷ್ಟು ಅಂತಾರೆ." ಅವಳು ಕುರ್ಚಿಯ ತೋಳು ಹಿಡಿದು ನನ್ನತ್ತ ಬಾಗಿದಳು. "ಒಂದು ಸಲ ನನ್ನ ಬೈಯಲಿ ಅಣ್ಣಾ, ಸಾಕು. ನಂಗೆ ಅವರು ವಾಪಸ್ ಬೇಕು."

ಮರುದಿನವೇ ಇಬ್ಬರೂ ಸೇರಿ ಅವನನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ನನ್ನ ಕತ್ತರಿಗಿಂತ ಸಣ್ಣಗಿದ್ದಳು, ಅದಕ್ಕಿಂತ ಚುರುಕಾಗಿದ್ದಳು. ಇದು ಖಿನ್ನತೆ ಎಂದಳು, ಮಾತ್ರೆ ಬರೆದಳು. ಆದರೆ ಆಸೆಯ ತೋರಣ ಕಟ್ಟಲಿಲ್ಲ.

"ಇದು ತಲೆನೋವಿನ ಮಾತ್ರೆ ಥರ ಅಲ್ಲ. ಕೆಲವು ವಾರ ಕಾಯ್ಬೇಕು. ಮೊದಲನೇ ಮಾತ್ರೆಯಲ್ಲೇ ಪೂರ್ತಿ ಗುಣ ಆಗೋದು ಸುಮಾರು ಮೂವರಲ್ಲಿ ಒಬ್ಬರು. ಉಳಿದೋರಿಗೆ ಬದಲಾಯಿಸಿ ನೋಡ್ತೀವಿ."

"ಗುಣ ಆಗೋ ಆ ಒಬ್ಬ ನೀನೇ ಭಾವ" ಎಂದು ನಾನು ಬೆನ್ನು ತಟ್ಟಿದೆ. ಆ ಒಬ್ಬ ಬೇರೆ ಯಾವನೋ ಆಗಿದ್ದ. ಇವನಿಗೆ ಗುಣಕ್ಕಿಂತ ಮೊದಲು ಬಾಯಿ ಒಣಗುವುದು ಬಂತು. ಎಷ್ಟು ಒಣಗಿತೆಂದರೆ ಹತ್ತಿರ ಇಟ್ಟ ಹಸಿ ಬಟ್ಟೆ ಇಸ್ತ್ರಿಗೆ ತಯಾರಾಗುತ್ತಿತ್ತು. ಎರಡನೆಯ ಮಾತ್ರೆ ಕೊಂಚ ಕೆಲಸ ಮಾಡಿತು. ಒಂದು ಸಂಜೆ ಅವನು "ಟೀ ಆರಿದೆ" ಎಂದನಂತೆ. ತಂಗಿ ಆ ಎರಡು ಪದವನ್ನು ಬಹುಮಾನ ಬಂದವಳಂತೆ ಬೀದಿಗೆಲ್ಲ ಹಂಚಿದಳು. ಆದರೆ ಅಲ್ಲಿಗೇ ನಿಂತಿತು. ಮತ್ತೆ ಕುಸಿದ. ನೀರನ್ನೂ ಬೇಡವೆನ್ನತೊಡಗಿದ. ನನಗೂ ತಮಾಷೆ ಮಾಡುವ ಬಾಯಿ ಕಟ್ಟಿಹೋಯಿತು.

ಆಗ ಡಾಕ್ಟರಮ್ಮ ಕರೆಂಟ್ ಚಿಕಿತ್ಸೆಯ ಮಾತೆತ್ತಿದಳು.

ಜೀವಮಾನವಿಡೀ ಊರಿಗೆ ಶಾಕ್ ಹೊಡೆಯದಂತೆ ಕಾದವನ ತಲೆಗೆ ಕರೆಂಟು! ತಂಗಿ ಅವನ ಕೈ ಹಿಡಿದುಕೊಂಡಳು. "ಇನ್ನೂ ಆ ಕಾಲದ್ದು ಉಂಟಾ ತಾಯೀ?" ಎಂದೆ.

"ಆ ಕಾಲದ ಹಾಗಲ್ಲ ಯಜಮಾನ್ರೇ. ನಿದ್ದೆ ಬರೋ ಮದ್ದು ಕೊಟ್ಟು, ಮೈ ಸಡಿಲ ಮಾಡಿ, ಕೆಲವೇ ಸೆಕೆಂಡು. ಅವರಿಗೆ ಗೊತ್ತೂ ಆಗಲ್ಲ. ಆದ್ರೆ ಅವರು ಒಪ್ಪಬೇಕು, ನೀವಲ್ಲ."

ಭಾವ ನೆಲ ನೋಡುತ್ತಾ ಕೂತಿದ್ದ. ಬಾವಿಯ ತಳದಿಂದ ಎಂಬಂತೆ ಕೇಳಿದ: "ಮೊದಲು ಸೀರೀಸ್ ಬಲ್ಬಿಗೆ ಹಾಕ್ತೀರೋ, ನೇರ ಲೈನಿಗೋ?"

ಡಾಕ್ಟರಮ್ಮ ನನ್ನ ಮುಖ ನೋಡಿದಳು. ನಾನು ಹಲಗೆ, ಬಲ್ಬು ಎಲ್ಲ ಕೈಯಾಡಿಸಿ ವಿವರಿಸಿದೆ. ಅವಳು ನಗಲಿಲ್ಲ.

"ನಮ್ಮ ಮಿಷನ್ನಿಗೆ ಬಲ್ಬಿಲ್ಲ. ಆದ್ರೆ ಮೊದಲ ದಿನ ತೀರಾ ಕಡಿಮೆಯಿಂದ ಶುರು ಮಾಡ್ತೀವಿ. ನಿಮ್ಮ ಮೈಗೆ ಎಷ್ಟು ಸಾಕು ಅಂತ ಕಂಡ್ಕೊಂಡೇ ಮುಂದಿನದು."

"ಅರ್ಥಿಂಗು? ಭೂಮಿಗೆ ತಂತಿ ಇಳಿಸಿದೀರಾ?"

"ನಿಮ್ಮಂಥೋರೇ ಒಬ್ಬರು ಮಾಡಿದ್ದು. ಎಲ್ಲರನ್ನೂ ಬೈದು ಬೈದು ಮಾಡಿ ಹೋದ್ರು."

"ಹಾಗಾದ್ರೆ ಸರಿ ಇರುತ್ತೆ" ಎಂದ ಭಾವ. "ಗ್ಯಾರಂಟಿ?"

"ಅದನ್ನ ನಾನು ಕೊಡಲ್ಲ. ಖಿನ್ನತೆ ಇಷ್ಟು ಜೋರಾಗಿ ಹಿಡಿದಾಗ ಅರ್ಧಕ್ಕಿಂತ ಹೆಚ್ಚು ಜನ ಚೆನ್ನಾಗಿ ಚೇತರಿಸ್ಕೋತಾರೆ. ಈ ತಿಂಗಳುಗಳ ನೆನಪು ಒಂದಷ್ಟು ಅಳಿಸಿ ಹೋಗಬಹುದು. ಗುಣ ಆಯ್ತು ಅಂತ ಮಾತ್ರೆ ಬಿಟ್ರೆ ಮತ್ತೆ ಬರೋದೂ ಉಂಟು."

ಅವನು ಹೆಂಡತಿಯ ಕಡೆ ತಿರುಗಿದ. "ಹಾಕಿಸ್ಲಾ?"

"ಹಾಕಿಸ್ಕೊಳ್ಳಿ" ಎಂದಳು. ಕೈ ಮಾತ್ರ ಬಿಡಲಿಲ್ಲ.

ವಾರಕ್ಕೆ ಎರಡು ಬೆಳಗು, ನಾವಿಬ್ಬರೂ ಆಸ್ಪತ್ರೆಯ ಬೆಂಚು ಸವೆಸಿದೆವು. ಒಳಗೆ ಹೋದಷ್ಟೇ ಬೇಗ ಅವನನ್ನು ಹೊರಗೆ ತರುತ್ತಿದ್ದರು; ನಾನೊಂದು ಗಡ್ಡ ಕೆರೆಯಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಎದ್ದಾಗ ತಲೆ ಭಾರ, ಇದು ಯಾವ ಊರು ಎಂಬ ಪ್ರಶ್ನೆ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ನೀರು ಕೇಳಿ ಕುಡಿದ. ಮತ್ತೊಂದು ಬೆಳಿಗ್ಗೆ ತಟ್ಟೆಯನ್ನು ತಾನೇ ಎಳೆದುಕೊಂಡ. ಬೈಗುಳ ಮಾತ್ರ ಇಲ್ಲ. ತಂಗಿ ಬಾಗಿಲನ್ನು ದಬಾರನೆ ಹಾಕಿ ನೋಡಿದಳು, ಸ್ವಿಚ್ಚನ್ನು ಒದ್ದೆ ಕೈಯಲ್ಲಿ ಮುಟ್ಟಿ ನೋಡಿದಳು. ಅವನು ನಕ್ಕು ಸುಮ್ಮನಾಗುತ್ತಿದ್ದ.

"ಒಳ್ಳೆಯವರಾಗಿಬಿಟ್ರಾ ಅಂತ ಭಯ ಆಗ್ತಿದೆ ಅಣ್ಣಾ" ಎಂದಳು.

ಚಿಕಿತ್ಸೆ ಮುಗಿದ ಮೇಲೆ ತಲೆ ಕೂದಲು ಹೆಗಲಿಗೆ ಬಂದಿತ್ತೆಂದು ಅವನನ್ನು ನನ್ನ ಅಂಗಡಿಗೆ ಕರೆತಂದಳು. ಕುರ್ಚಿ ಹಿಂದಕ್ಕೆ ಬಾಗಿಸಿದೆ. ಗಡ್ಡಕ್ಕೆ ನೊರೆ ಹಚ್ಚಿದೆ. ಅವನ ಕಣ್ಣು ಮೇಲೆ ಹೋಯಿತು. ತಿರುಗುವ ಫ್ಯಾನನ್ನು ನೋಡಿದ. ಸೂರಿಗಂಟಿದ ಕೂದಲನ್ನು ನೋಡಿದ. ನೊರೆ ಸಮೇತ ಎದ್ದು ಕೂತ.

"ಏಯ್! ಯಾವ ಕತ್ತೆ ಮಾಡಿದ್ದೋ ಇದನ್ನ? ಗಾಳಿ ಸೂರಿಗೆ ಹೋಗ್ತಿದೆ! ಸೂರಿಗೇನು ಸೆಕೆಯಾ? ಇದರ ಕೆಳಗೆ ಇಷ್ಟು ದಿನ ಕೂತಿದ್ದೀಯಲ್ಲ, ನಿಂಗೆ ಬುದ್ಧಿ ಬೇಡ್ವಾ?"

ನನ್ನ ಕೈಯ ಕತ್ತಿ ನಿಂತಿತು. ಅದು ತನ್ನದೇ ಕೆಲಸವೆಂದು ಅವನಿಗೆ ನೆನಪಿಲ್ಲ. ತಂಗಿ ನನಗೆ ಕಣ್ಣಿನಲ್ಲೇ ಹೇಳಬೇಡವೆಂದಳು.

"ಯಾರೋ ಪಾಪ" ಎಂದಳು. "ಆಗ ಅವರಿಗೆ ಹುಷಾರಿರಲಿಲ್ಲವಂತೆ."

"ಹುಷಾರಿಲ್ಲದಿದ್ರೆ ಡಾಕ್ಟರ್ ಹತ್ರ ಹೋಗ್ಬೇಕು! ಜನರ ಫ್ಯಾನಿಗೆ ಕೈ ಹಾಕೋದಾ? ಇಳಿಸೋ ಅದನ್ನ. ನೀನು ಹಲ್ಲು ಬಿಡ್ತಾ ನಿಂತಿದ್ದೀಯಲ್ಲ, ಸ್ಕ್ರೂಡ್ರೈವರ್ ತಗೊಂಡ್ ಬಾ, ಹೋಗೇ!"

ಬೈಸಿಕೊಂಡ ತಂಗಿ ಬೀದಿ ದಾಟಿ ಓಡಿದಳು, ಕಣ್ಣೊರೆಸುತ್ತಾ, ನಗುತ್ತಾ.

ಅವಳು ತಂದುಕೊಟ್ಟೊಡನೆ ಮೇಜಿನ ಮೇಲೆ ಫ್ಯಾನಿನ ಹೊಟ್ಟೆ ಬಿಚ್ಚಿದ. ಒಳಗೆ ಅವನದೇ ನೂಲಿನ ಗಂಟು ಕಂಡಿತು. ಬೆರಳು ಅದರ ಮೇಲೇ ನಿಂತಿತು. ಮತ್ತೆ ಆ ಬಾವಿಯ ತಳಕ್ಕೆ ಇಳಿದುಬಿಟ್ಟರೆ?

"ಗಂಟು ಮಾತ್ರ ಚೆನ್ನಾಗಿ ಹಾಕಿದಾನೆ, ಮುಠ್ಠಾಳ" ಎಂದ ಮೆಲ್ಲಗೆ. ಎರಡು ತಂತಿ ಬದಲಿಸಿ, ಹೆಂಡತಿಯತ್ತ ನೋಡದೆ ಕೇಳಿದ: "ಈಗ ಗುಣ ಆಗಿದಾನಾ ಅವನು?"

"ಪರವಾಗಿಲ್ಲ. ಮಾತ್ರೆ ತಗೊಳ್ತಿದಾನೆ."

"ಬಿಡಬಾರದು ಅಂತ ಹೇಳು."

ಅಷ್ಟು ಹೇಳಿ, ಸೀರೀಸ್ ಬಲ್ಬಿನ ಹಲಗೆ ಯಾಕೆ ತರಲಿಲ್ಲವೆಂದು ಅವಳನ್ನು ಇನ್ನೊಂದು ಸಲ ಬೈದ.