ಬ್ಯಾಂಡ್ ಮೇಷ್ಟ್ರ ಪೆನ್ಸಿಲ್ ಗೀಟುಗಳು

ಬ್ಯಾಂಡ್ ಮೇಷ್ಟ್ರ ಕಿವಿಗೆ ಬೇರೆಯವರು ಲೆಕ್ಕಕ್ಕೇ ಇಡದ ಒಂದು ಸದ್ದು ಕೇಳುತ್ತಿತ್ತು. ಅದು ಸ್ವರಕ್ಕೆ ಮುಂಚೆ ಬರುವ ಉಸಿರು. ಇಪ್ಪತ್ತೊಂದು ಮಂದಿ ವಾದ್ಯವನ್ನು ತುಟಿಗೆ ಹಿಡಿದು ಒಟ್ಟಿಗೆ ಉಸಿರೆಳೆದುಕೊಂಡರೆ ಸಾಕು, ಇವನು ನಿದ್ದೆಗೆಟ್ಟಿದ್ದಾನೆ, ಅವನು ಹೆಂಡತಿಯ ಹತ್ತಿರ ಜಗಳವಾಡಿಕೊಂಡು ಬಂದಿದ್ದಾನೆ, ಮೂಲೆಯವನು ಹೊಟ್ಟೆ ಬಿರಿಯ ತಿಂದಿದ್ದಾನೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದರು.

"ನಿಮ್ಮ ಮುಂದೆ ಉಸಿರಾಡೋಕೂ ಭಯ ಮೇಷ್ಟ್ರೇ," ಎಂದು ದೊಡ್ಡ ಡ್ರಮ್ಮಿನವನು ನಗಿಸುತ್ತಿದ್ದ. ಅವನು ಕಾರ್ಖಾನೆಯ ಗೇಟು ಕಾಯುವವನು, ಮೇಷ್ಟ್ರ ಓರಗೆಯವನು. ಎಲ್ಲರೂ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದರು.

ಅದು ಬಿಳಿಕಲ್ಲನ್ನು ಅರೆದು ಪುಡಿ ಮಾಡುವ ಕಾರ್ಖಾನೆ. ಪುಡಿ ಮೂಟೆಗಳಲ್ಲಿ ಲಾರಿ ಹತ್ತಿ ಹೋಗುತ್ತಿತ್ತು. ಮೂಟೆಗೆ ಸಿಕ್ಕದ್ದು ಊರಿನಲ್ಲೇ ಉಳಿಯುತ್ತಿತ್ತು: ಕಿಟಕಿಯ ಅಂಚಿನಲ್ಲಿ, ಗಿಡದ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮಡಿಕೆಗಳಲ್ಲಿ. ಮೇಷ್ಟ್ರು ಕೂಡ ಹರೆಯದಲ್ಲಿ ಆರು ವರ್ಷ ಆ ಅರೆಯುವ ಶೆಡ್ಡಿನಲ್ಲಿ ದುಡಿದವರೇ. ಆಗ ಅವರು ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಒಂದು ದಿನ ಸೈಕಲ್ಲಿನಿಂದ ಬಿದ್ದು ಮುಂದಿನ ಎರಡು ಹಲ್ಲು ಹೋದವು. ಕಟ್ಟಿಸಿದ ಹಲ್ಲಿಗೆ ಟ್ರಂಪೆಟ್ ಒಗ್ಗಲಿಲ್ಲ. ಹಳೆಯ ಮೇಷ್ಟ್ರು ಅವರನ್ನು ಕರೆದು ಕೈಗೆ ಕೋಲು ಕೊಟ್ಟರು.

"ಇನ್ನು ಮೇಲೆ ನಿನ್ನ ಕೈಲಿ ವಾದ್ಯ ಇರಲ್ಲ. ಕಿವಿ ಇರುತ್ತೆ, ಅಷ್ಟೇ. ಅದನ್ನ ನೆಟ್ಟಗೆ ಇಟ್ಕೋ."

ಕೋಲಿನ ಜೊತೆ ಉಗ್ರಾಣದ ಗುಮಾಸ್ತಿಕೆಯೂ ಬಂತು. ಶೆಡ್ಡು ತಪ್ಪಿತು. ಎಷ್ಟೋ ವರ್ಷ ಅವರು ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು, ತಾವು ಕಳೆದುಕೊಂಡದ್ದನ್ನು ನೆನೆದು ಕೊರಗಿದರು. ಸಿಕ್ಕಿದ್ದು ಏನು ಎಂದು ಗೊತ್ತಾದದ್ದು ಬಹಳ ತಡವಾಗಿ.

ಅವರ ಕೆಲಸದ ರೀತಿ ಹೀಗಿತ್ತು. ಪ್ರತಿಯೊಬ್ಬನ ಸ್ವರದ ಹಾಳೆಯಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪೆನ್ಸಿಲ್ಲಿನಿಂದ ಸಣ್ಣ ಗೀಟು ಎಳೆಯುವುದು, ಪಕ್ಕದಲ್ಲಿ ತಾರೀಖು ಬರೆಯುವುದು. ಆ ಗೀಟಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಹಳೆಯದನ್ನು ಅಳಿಸುವಂತೆಯೂ ಇಲ್ಲ, ಅಳಿಸಿದರೆ ಕಾಗದ ಸವೆಯುತ್ತದೆ. ಇನ್ನೊಂದು ಪಾಠವನ್ನೂ ಅವರೇ ಕಲಿಸಿದ್ದರು: ಪಕ್ಕದವನು ಊದುತ್ತಿರುವಾಗ ನೀನು ಕದ್ದು ಉಸಿರೆಳೆದುಕೋ, ಅವನು ಎಳೆದುಕೊಳ್ಳುವಾಗ ನೀನು ಊದು. ಕೇಳುವವರಿಗೆ ಎಲ್ಲೂ ಕಂಡಿ ಕಾಣಬಾರದು. ನಮ್ಮ ಬ್ಯಾಂಡಿಗೆ ಉಸಿರೇ ಬೇಡ ಎಂದು ಅವರು ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಮ್ಯಾನೇಜರಿಗೂ ಅದೇ ಬೇಕಿತ್ತು. ಯಾರೇ ಹೊರಗಿನವರು ಬರಲಿ, ನೇರ ಬ್ಯಾಂಡಿನ ಕೋಣೆಗೆ ಕರೆತರುತ್ತಿದ್ದರು. "ಧೂಳು ಧೂಳು ಅಂತ ಬಾಯಿ ಬಡ್ಕೋತಾರೆ. ಇವರೆಲ್ಲ ಶೆಡ್ಡಿನವರೇ ಸ್ವಾಮಿ. ಊದೋದು ಕೇಳಿ! ಶ್ವಾಸಕೋಶ ಕೆಟ್ಟವರು ಹೀಗೆ ಊದ್ತಾರಾ?"

ಬ್ಯಾಂಡಿನಲ್ಲಿ ಹಿಂದೆ ಟ್ಯೂಬಾ ಊದುವವನೊಬ್ಬನಿದ್ದ. ಆಳೆತ್ತರ, ಎರಡಾಳು ದಪ್ಪ. ಆನೆ ಎಂದು ಅಡ್ಡಹೆಸರು. ಕೊನೆಕೊನೆಗೆ ಅವನು ಸ್ವರ ಎಳೆಯಲಾರದೆ ನಡುವೆ ಬಿಟ್ಟುಬಿಡುತ್ತಿದ್ದ. "ಮೈ ಬೆಳೆಸಿದ್ದೀಯ, ಅಭ್ಯಾಸ ಮಾತ್ರ ಮಾಡಲ್ಲ. ಸೋಮಾರಿ!" ಎಂದು ಮೇಷ್ಟ್ರು ಎಲ್ಲರೆದುರು ಬೈದು ಬ್ಯಾಂಡಿನಿಂದ ತೆಗೆದುಹಾಕಿದರು. ಆನೆ ಟ್ಯೂಬಾವನ್ನು ಒರೆಸಿ ಇಟ್ಟು ಹೋದ. ಒಂದೂವರೆ ವರ್ಷಕ್ಕೆ ತೀರಿಕೊಂಡ. ಜನ ಸಿಗರೇಟಿನ ಮೇಲೆ ಹಾಕಿದರು. ಆನೆ ಸಿಗರೇಟು ಮುಟ್ಟಿದವನೇ ಅಲ್ಲ.

ಈಗ ಮುಖ್ಯ ಟ್ರಂಪೆಟ್ ಊದುತ್ತಿದ್ದವನು ಮೇಷ್ಟ್ರ ಅಳಿಯ. ಮೂವತ್ತೊಂದು ವರ್ಷದ, ಕಟ್ಟುಮಸ್ತಾದ ಆಳು. ಒಂದು ಬುಧವಾರ ಮಧ್ಯಾಹ್ನದ ಅಭ್ಯಾಸದಲ್ಲಿ, ಉದ್ದ ಸ್ವರ ಎಳೆಯಬೇಕಾದ ಕಡೆ ಅವನು ಅರ್ಧಕ್ಕೇ ನಿಂತುಬಿಟ್ಟ.

ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡಿಗೆ ಬಡಿದರು. "ಏನಪ್ಪ, ಮಾವ ಅಂತ ಸಲಿಗೇನಾ?"

"ಇಲ್ಲ ಮೇಷ್ಟ್ರೇ. ಗಂಟಲಲ್ಲಿ ಏನೋ ಕೆರೆತ."

"ಮಗು ಅಳುತ್ತೆ ಅಂತ ಮನೇಲಿ ಊದಲ್ಲ. ಇಲ್ಲಿ ಬಂದು ಗಂಟಲು ಅಂತಾನೆ," ಎಂದು ಗುಡುಗು ಛೇಡಿಸಿದ. ಎಲ್ಲರೂ ನಕ್ಕರು. ಅಳಿಯನೂ ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ಒಣಗಿತ್ತು, ಮರಳು ಜರಡಿ ಹಿಡಿದ ಹಾಗಿತ್ತು. ಮೇಷ್ಟ್ರ ಕಿವಿಗೆ ಅದು ಹೊಸದಾಗಿರಲಿಲ್ಲ. ಎಲ್ಲಿ ಕೇಳಿದ್ದು ಎಂದು ಮಾತ್ರ ನೆನಪಾಗಲಿಲ್ಲ.

ಎಲ್ಲರೂ ಹೋದಮೇಲೆ ಅವರು ಅಳಿಯನ ಹಾಳೆ ತೆಗೆದು ಪೆನ್ಸಿಲ್ ಹಿಡಿದರು. ಮದುವೆಯಾದ ವರ್ಷದ ಗೀಟು ಆ ಉದ್ದ ಸ್ವರದ ಹದಿನಾರನೇ ಎಣಿಕೆಗೆ ಇತ್ತು. ಹೋದ ವರ್ಷದ್ದು ಹನ್ನೆರಡಕ್ಕೆ. ಇವತ್ತು ಅವನು ನಿಂತದ್ದು ಒಂಬತ್ತಕ್ಕೆ. ಒಂಬತ್ತರ ಮುಂದೆ ಗೀಟು ಎಳೆಯುತ್ತಿದ್ದ ಹಾಗೆ ಅವರ ಕೈ ತಡೆಯಿತು. ಇದೇ ಜಾಗದಲ್ಲಿ ಇದೇ ಗೀಟನ್ನು ಹಿಂದೆ ಎಳೆದಿದ್ದೆನಲ್ಲ?

ಬೀರು ತೆರೆದು ಕೆಳಗಿನ ಅರೆಯಿಂದ ಹಳೆಯ ಕಟ್ಟು ಎಳೆದರು. ಮೇಲೆ ಕೂತಿದ್ದ ಬಿಳಿ ಪುಡಿಯನ್ನು ಊದಲು ಬಾಯಿ ಮುಂದೆ ತಂದವರು, ಯಾಕೋ ಊದದೆ ಬಟ್ಟೆಯಿಂದ ಒರೆಸಿದರು. ಆನೆಯ ಹಾಳೆ ಸಿಕ್ಕಿತು. ಹದಿನಾರು, ಹನ್ನೆರಡು, ಒಂಬತ್ತು, ಆರು. ಆರರ ಆಚೆ ಗೀಟಿಲ್ಲ. ಕ್ಲಾರಿನೆಟ್ ಬಿಟ್ಟುಹೋದ ಒಬ್ಬನ ಹಾಳೆ: ಹದಿನಾರು, ಹನ್ನೊಂದು, ಎಂಟು, ಆರು. ಅವನೂ ಇಲ್ಲ. ಹೀಗೆ ಏಳು ಹಾಳೆಗಳನ್ನು ನೆಲದ ಮೇಲೆ ಹರಡಿದರು. ಏಳರಲ್ಲಿ ನಾಲ್ಕು ಮಂದಿ ಈಗ ಬದುಕಿರಲಿಲ್ಲ. ಎಲ್ಲ ಅವರದೇ ಅಕ್ಷರ, ಅವರದೇ ತಾರೀಖು. ಇಷ್ಟು ವರ್ಷ ತಾನು ಸಂಗೀತ ತಿದ್ದುತ್ತಿದ್ದೇನೆ ಅಂದುಕೊಂಡು ಏನನ್ನು ಬರೆದಿಟ್ಟಿದ್ದೆ ಎಂಬುದು ತಲೆಗೆ ಹೋಗುತ್ತಿದ್ದ ಹಾಗೆ ಅವರು ಒಂದೊಂದೇ ಹಾಳೆ ಎತ್ತಿ ಮತ್ತೆ ಕಟ್ಟಿಗೆ ಸೇರಿಸತೊಡಗಿದರು.

ಮನೆಗೆ ಬಂದಾಗ ಮಗಳು ಒದ್ದೆ ಬಟ್ಟೆಯಿಂದ ಮಗುವಿನ ತೊಟ್ಟಿಲ ಕಂಬಿಗಳನ್ನು ಒರೆಸುತ್ತಿದ್ದಳು. ದಿನಕ್ಕೆ ಮೂರು ಸಲ ಒರೆಸುವುದು ಅವಳ ರೂಢಿ. ಗಂಡನ ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ನೀರು ಹಾಲಿನಂತಾಗಿತ್ತು.

"ಅಪ್ಪ, ಒಂದು ಕೇಳ್ತೀನಿ, ಸುಳ್ಳು ಹೇಳ್ಬಾರ್ದು," ಎಂದಳು, ಒರೆಸುವುದನ್ನು ನಿಲ್ಲಿಸದೆ. "ಇವರು ಈಗ ಎರಡು ದಿಂಬು ಇಟ್ಕೊಂಡು ಮಲಗ್ತಾರೆ. ಮೆಟ್ಟಿಲು ಹತ್ತಿ ಬಂದ್ರೆ ಮಗೂನ ಎತ್ಕೊಳ್ಳಕ್ಕೆ ಮುಂಚೆ ಬಾಗಿಲಲ್ಲಿ ನಿಂತ್ಕೋತಾರೆ. ಚಪ್ಪಲಿ ಬಿಡೋ ಹಾಗೆ ನಾಟಕ ಮಾಡ್ತಾರೆ. ಊರಿನೋರ ಉಸಿರೆಲ್ಲ ನಿಮಗೆ ಗೊತ್ತಾಗುತ್ತೆ. ಇವರದ್ದು ಗೊತ್ತಾಗ್ಲಿಲ್ವಾ?"

"ಅಭ್ಯಾಸ ಸಾಲದು ಕಣಮ್ಮ, ಅಷ್ಟೇ," ಎಂದರು ಮೇಷ್ಟ್ರು. ಆನೆಗೆ ಹೇಳಿದ್ದೂ ಇದೇ ಮಾತು.

ಮಗಳು ತಲೆ ಎತ್ತಿ ಅವರ ಮುಖ ನೋಡಿದಳು. ಬಟ್ಟೆ ಹಿಂಡಿದಳು.

ಮಾರನೆಯ ದಿನ ಅವರು ಕಾರ್ಖಾನೆಯ ಡಾಕ್ಟರ ಹತ್ತಿರ ಹೋದರು. ಹಾಳೆಗಳ ವಿಷಯ ಬಾಯಿಬಿಡದೆ, ಅಳಿಯನ ಕೆಮ್ಮನ್ನಷ್ಟೇ ಹೇಳಿದರು.

"ನಿಮ್ಮ ಅಳಿಯಂದು ಹೋದ ತಿಂಗಳು ತಾನೇ ನೋಡಿದ್ದೀನಿ. ಚೆನ್ನಾಗಿದೆ ಅಂತ ಬರೆದಿದ್ದೀನಿ," ಎಂದರು ಡಾಕ್ಟರು, ಪೆನ್ನಿನ ಮುಚ್ಚಳ ಹಾಕುತ್ತಾ. "ನೀವು ಕೋಲು ಆಡಿಸಿ ಮೇಷ್ಟ್ರೇ, ನಾನು ಎದೆ ನೋಡ್ತೀನಿ. ಅಂದ ಹಾಗೆ, ಶನಿವಾರ ಸರ್ಕಾರದ ತಪಾಸಣೆ ಇದೆ. ಮ್ಯಾನೇಜರು ನಿಮ್ಮ ಬ್ಯಾಂಡನ್ನೇ ನಂಬ್ಕೊಂಡಿದ್ದಾರೆ. ನಿಮ್ಮ ಮನೆ ಕಾರ್ಖಾನೆಯದ್ದೇ ಅಲ್ವಾ?"

ಕೊನೆಯ ಮಾತನ್ನು ಅವರು ಬಹಳ ಮೆತ್ತಗೆ ಕೇಳಿದರು.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಬ್ಯಾಂಡಿನವರನ್ನು ಕೂರಿಸಿ, ಒಬ್ಬೊಬ್ಬರ ಕೈಗೂ ಅವರವರ ಹಾಳೆ ಕೊಟ್ಟರು. "ಗೀಟುಗಳನ್ನ ನೋಡ್ಕೊಳ್ಳಿ," ಎಂದರು. ಆಮೇಲೆ ಆನೆಯ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದರು. ಹದಿಮೂರು ಮಂದಿಯ ಗೀಟುಗಳು ಹಿಂದೆ ಹಿಂದೆ ಸರಿದಿದ್ದವು.

"ನಾಳೆ ಯಾರೂ ಯಾರನ್ನೂ ಮುಚ್ಚಿಡಬೇಡಿ," ಎಂದರು. "ಉಸಿರು ಬೇಕಾದ ಕಡೆ ತಗೊಳ್ಳಿ. ಸ್ವರ ನಿಂತರೆ ನಿಲ್ಲಲಿ. ಗುಡುಗು, ನೀನು ಡ್ರಮ್ ಮುಟ್ಟಬೇಡ, ಅದರ ಸದ್ದಲ್ಲಿ ಉಸಿರು ಮುಚ್ಚಿಹೋಗುತ್ತೆ."

"ಮೇಷ್ಟ್ರೇ, ಮಾನ ಹೋಗುತ್ತೆ."

"ನಂದು ತಾನೇ? ಹೋಗಲಿ."

"ಕೆಲಸಾನೂ ಹೋಗುತ್ತೆ," ಎಂದ ಹಿಂದಿನ ಸಾಲಿನ ಒಬ್ಬ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅಳಿಯ ಮಾತ್ರ ಆನೆಯ ಹಾಳೆಯ ಪಕ್ಕ ತನ್ನದನ್ನಿಟ್ಟುಕೊಂಡು, ಒಂಬತ್ತರಿಂದ ಆರರವರೆಗೆ ಬೆರಳಿನಿಂದ ಅಳೆಯುತ್ತಾ ಕೂತಿದ್ದ.

"ಮಾವ," ಎಂದ, ಆ ಕೋಣೆಯಲ್ಲಿ ಮೊಟ್ಟಮೊದಲ ಸಲ. "ಇಲ್ಲಿಂದ ಇಲ್ಲಿಗೆ ಎಷ್ಟು ದಿನ?"

"ಅವನಿಗೆ ಹತ್ತು ತಿಂಗಳು," ಎಂದರು ಮೇಷ್ಟ್ರು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಅಂಗಳದಲ್ಲಿ ಕುರ್ಚಿಗಳು ಬಿದ್ದವು. ಅಧಿಕಾರಿ ಒಬ್ಬ ಹೆಂಗಸು, ದಪ್ಪ ಕನ್ನಡಕ, ಮಾತು ಕಡಿಮೆ. ಮಗಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಗೇಟಿನ ಪಕ್ಕ ನಿಂತಿದ್ದಳು. ಮ್ಯಾನೇಜರು ತಮ್ಮ ಮಾಮೂಲಿ ಮಾತು ಮುಗಿಸಿ ಕೈ ತೋರಿಸಿದರು.

ಮೇಷ್ಟ್ರು ಕೋಲು ಎತ್ತಿದರು. ಇಪ್ಪತ್ತೊಂದು ಎದೆಗಳು ಉಸಿರೆಳೆದುಕೊಂಡವು. ಗುಡುಗು ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

ಮೊದಲು ಹಾಡು ಎಂದಿನಂತೆಯೇ ಎದ್ದಿತು. ಉದ್ದ ಸ್ವರ ಬಂತು. ಆರನೇ ಎಣಿಕೆಗೆ ಇಬ್ಬರು ನಿಂತರು. ಎಂಟಕ್ಕೆ ಐವರು. ಒಂಬತ್ತಕ್ಕೆ ಟ್ರಂಪೆಟ್ ನಿಂತಿತು. ಅಲ್ಲಿಂದ ಮುಂದೆ ಉಳಿದವರೂ ಒಬ್ಬೊಬ್ಬರಾಗಿ ನಿಂತರು. ಹದಿನಾರಕ್ಕೆ ಹೊಸದಾಗಿ ಸೇರಿದ ಒಬ್ಬನ ಕೊಳಲು ಒಂಟಿಯಾಗಿ ಉಳಿದು, ಅವನೇ ಹೆದರಿ ನಿಲ್ಲಿಸಿದ. ಆಮೇಲೆ ಕೇಳಿದ್ದು ಹದಿಮೂರು ಮಂದಿ ಏದುಸಿರು ಬಿಡುವ ಸದ್ದು. ಆಗ ಎಲ್ಲರಿಗೂ ಅದು ಕೇಳಿಸಿತು, ಮೇಷ್ಟ್ರ ಕಿವಿಯೇ ಬೇಕಾಗಿರಲಿಲ್ಲ.

"ಅಭ್ಯಾಸ ಸಾಲದು ಮೇಡಂ," ಎಂದು ಮ್ಯಾನೇಜರು ನಗಲು ನೋಡಿದರು.

"ಅಭ್ಯಾಸ ಇಪ್ಪತ್ತೆರಡು ವರ್ಷದ್ದು," ಎಂದು ಮೇಷ್ಟ್ರು ಸ್ಟ್ಯಾಂಡಿನ ಮೇಲಿದ್ದ ಕಟ್ಟನ್ನು ಅಧಿಕಾರಿಯ ಕೈಗೆ ಕೊಟ್ಟರು. "ಪ್ರತಿ ಗೀಟಿಗೂ ತಾರೀಖಿದೆ. ಡಾಕ್ಟರು ಬರೆದಿಟ್ಟಿರೋದರ ಪಕ್ಕ ಇಟ್ಟು ನೋಡಿ. ಮೇಲಿನ ನಾಲ್ಕು ಹಾಳೆಯವರು ತೀರಿಹೋಗಿದ್ದಾರೆ."

ಅಧಿಕಾರಿ ನಿಂತುಕೊಂಡೇ ಐದಾರು ಹಾಳೆ ಮಗುಚಿದರು. ಏನೂ ಭರವಸೆ ಕೊಡಲಿಲ್ಲ. ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ಡಾಕ್ಟರ ಕೋಣೆ ಎಲ್ಲಿ ಎಂದು ಕೇಳಿದರು. ಮ್ಯಾನೇಜರು ಅವರ ಹಿಂದೆ ಓಡಿದವರು ಅರ್ಧ ದಾರಿಯಲ್ಲಿ ತಿರುಗಿ, "ಮೇಷ್ಟ್ರೇ, ಆಮೇಲೆ ಆಫೀಸಿಗೆ ಬನ್ನಿ," ಎಂದರು.

ಅಷ್ಟರಲ್ಲಿ ಎರಡನೇ ಪಾಳಿಯ ಸೈರನ್ ಕೂಗಿತು. ಬ್ಯಾಂಡಿನವರು ವಾದ್ಯಗಳ ಬಾಯಿ ಒರೆಸಿ, ಪೆಟ್ಟಿಗೆಗಿಟ್ಟು, ಒಬ್ಬರ ಹಿಂದೊಬ್ಬರು ಶೆಡ್ಡಿನ ಕಡೆ ಹೊರಟರು. ಬೇರೆ ಎಲ್ಲಿಗೆ ಹೋಗುತ್ತಾರೆ? ಅಳಿಯನ ಕಾಲೂ ತನ್ನಷ್ಟಕ್ಕೇ ಅತ್ತ ತಿರುಗಿತು.

ಮಗಳು ಅಂಗಳ ದಾಟಿ ಬಂದು ಅವನ ದಾರಿಗೆ ಅಡ್ಡ ನಿಂತಳು. "ರೀ, ಇವಳನ್ನ ಹಿಡ್ಕೊಳ್ಳಿ," ಎಂದು ಮಗುವನ್ನು ಅವನ ತೋಳಿಗೆ ಹಾಕಿದಳು.

"ಸೈರನ್ ಆಯ್ತಲ್ಲೇ."

"ಆಗಲಿ. ಮಗು ಕರ್ಕೊಂಡು ಹೋದ್ರೆ ಒಳಗೆ ಬಿಡಲ್ಲ. ಮನೆಗೆ ನಡೀರಿ. ನಿಧಾನ, ಮೆಟ್ಟಿಲಿದೆ."

ಅವನು ಒಂದು ಸಲ ಶೆಡ್ಡಿನತ್ತ ನೋಡಿದ. ಮಗು ಅವನ ಕಾಲರು ಹಿಡಿದು ಎಳೆಯಿತು. ಗಂಡ ಹೆಂಡತಿ ಇಬ್ಬರೂ ಗೇಟಿನತ್ತ ನಡೆದರು. ಮೇಷ್ಟ್ರು ನಿಂತಲ್ಲೇ ನಿಂತು ಆ ಉಸಿರು ದೂರವಾಗುವುದನ್ನು ಕೇಳಿಸಿಕೊಂಡರು. ಬೆನ್ನ ಹಿಂದೆ ಅರೆಯುವ ಯಂತ್ರ ಶುರುವಾಯಿತು. ಒಳಗೆ ಹೋದ ಹನ್ನೆರಡು ಮಂದಿಯ ಕೆಮ್ಮು ಅದರೊಳಗೆ ಮುಳುಗುವವರೆಗೂ ಎಣಿಸಿ, ಕೋಲನ್ನು ಸ್ಟ್ಯಾಂಡಿನ ಮೇಲಿಟ್ಟು, ಅವರು ಆಫೀಸಿನ ಕಡೆ ಹೆಜ್ಜೆ ಹಾಕಿದರು.