ಒಂದೇ ಸಾಲಿನ ಎರಡು ಕಾಲಾಳು

ನನ್ನ ಬಾಯಿ ಜೋರು ಎಂದು ಟೆಕ್ಸಾಸಿನ ನಮ್ಮೂರು ಮೆಕಿನ್ನಿಯ ಕನ್ನಡಿಗರಲ್ಲಿ ಅರ್ಧ ಮಂದಿ ಹೇಳುತ್ತಾರೆ. ಉಳಿದರ್ಧ ಮಂದಿಗೆ ನನ್ನ ಪರಿಚಯವಿಲ್ಲ, ಅಷ್ಟೆ. ಆ ಶನಿವಾರ ನಾನು ಸುಮ್ಮನಿರಬೇಕಿತ್ತು ಎಂದು ಕೆಲವರು ಈಗಲೂ ಅನ್ನುತ್ತಾರೆ. ಅನ್ನಲಿ.

ನಮ್ಮ ಬೀದಿಯ ಕೊನೆಯ ಮನೆಗೆ, ಮಗಳ ಜೊತೆ ಇರಲು ಬಂದ ಜಪಾನಿನ ಹಿರಿಯರೊಬ್ಬರು ನನಗೆ ಶೋಗಿ ಕಲಿಸಿದರು. ಶೋಗಿ ಅಂದರೆ ಅವರ ಕಡೆಯ ಚದುರಂಗ. ಅದರಲ್ಲಿ ಹೊಡೆದ ಕಾಯಿ ಸಾಯುವುದಿಲ್ಲ; ಹೊಡೆದವರ ಕೈಸೇರಿ, ಅವರ ಪರವಾಗಿ ಮತ್ತೆ ಮಣೆಗೆ ಇಳಿಯುತ್ತದೆ. ಅವರನ್ನು ನಾನು ಮೇಷ್ಟ್ರೇ ಎಂದು ಕರೆಯುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ.

ಮೇಷ್ಟ್ರು ಜಪಾನಿನಲ್ಲಿ ಶೋಗಿಯನ್ನೇ ಕಸುಬು ಮಾಡಿಕೊಂಡಿದ್ದವರು. ಹೈಸ್ಕೂಲಿಗೂ ಮುಂಚೆ ತರಬೇತಿಗೆ ಸೇರಿದವರು, ಇಪ್ಪತ್ತಾರು ತುಂಬುವುದರೊಳಗೆ ಗೆದ್ದು ಮೇಲೆ ಬರದಿದ್ದರೆ ಮನೆಗೆ ನಡಿ ಎನ್ನುವ ನಿಯಮವನ್ನು ಕೂದಲೆಳೆಯಲ್ಲಿ ದಾಟಿದರು. ಆಮೇಲೆ ಒಂದೇ ಒಂದು ಬಿರುದು ಬರಲಿಲ್ಲ. ಕೆಳಗಿನ ದರ್ಜೆಯಲ್ಲೇ ಕಾದಾಡುತ್ತಾ, ಮೀಸೆ ಮೂಡದ ಹುಡುಗರ ಕೈಲಿ ಏಟು ತಿನ್ನುತ್ತಾ, ನಿಯಮವೇ ನಿವೃತ್ತಿ ಕೊಟ್ಟು ಕಳಿಸುವವರೆಗೆ ಆಡಿದರು. ಆ ಆಟದಲ್ಲಿ ಸೋತವರು ತಲೆಬಾಗಿ, "ಸೋತೆ" ಎಂದು ತಾವೇ ಬಾಯಿಬಿಟ್ಟು ಹೇಳಬೇಕು. "ಆ ಮಾತು ನನ್ನಷ್ಟು ಚೆನ್ನಾಗಿ ಯಾರೂ ಹೇಳಲ್ಲ," ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಎಳ್ಳಷ್ಟೂ ನಾಚಿಕೆ ಇರುತ್ತಿರಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅದಕ್ಕೆ.

ತಿಂಗಳಿಗೊಮ್ಮೆ, ಒಂದು ಶನಿವಾರ, ಹತ್ತಿರದ ಊರು ರಿಚರ್ಡ್‌ಸನ್‌ನ ಲೈಬ್ರರಿಯಲ್ಲಿ ನಾವೊಂದಷ್ಟು ಜನ ಆಡಲು ಸೇರುತ್ತೇವೆ. ಆಸ್ಟಿನ್ನಿನಿಂದ, ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬರುವ ಹುಚ್ಚರೂ ಇದ್ದಾರೆ. ಆ ಶನಿವಾರ ಪಾರ್ಕಿಂಗ್ ಲಾಟಿನಲ್ಲೇ ಮೇಷ್ಟ್ರ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಪ್ಪ ಸ್ಟವ್ ಆಫ್ ಮಾಡೋದು ಮರೀತಾರೆ. ಮೊನ್ನೆ ವಾಕ್ ಹೋಗಿ ಬೇರೆ ಯಾರದೋ ಮನೆ ಬಾಗಿಲು ತಟ್ಟಿದಾರೆ. ಇವತ್ತು ಎಲ್ಲರೆದುರು ಏನಾದರೂ ಎಡವಟ್ಟಾದರೆ ನಾನು ಇನ್ನು ಕರ್ಕೊಂಡು ಬರಲ್ಲ. ಜನ ಅವರನ್ನ ನೋಡಿ ಅಯ್ಯೋ ಪಾಪ ಅನ್ನೋದು ನನಗೆ ಬೇಡ. ಸ್ವಲ್ಪ ನೋಡ್ಕೊಳ್ಳಿ."

ಆಯಿತು ಎಂದೆ. ಒಳಗೆ ಹೋದರೆ ಚೀಟಿ ಎತ್ತಿದ್ದರಲ್ಲಿ ಮೇಷ್ಟ್ರು ನನಗೇ ಎದುರಾಳಿಯಾಗಿ ಬಿದ್ದಿದ್ದರು.

ಅರ್ಧ ಆಟಕ್ಕೇ ನನ್ನ ರಾಜನಿಗೆ ಉಸಿರು ಕಟ್ಟಿತ್ತು. ಮೇಷ್ಟ್ರು ಕೈಯಲ್ಲಿದ್ದ ಕಾಲಾಳನ್ನು ಎತ್ತಿ, ಟಕ್ ಎಂದು ಮಣೆಯ ಮೇಲೆ ಇಳಿಸಿದರು. ಅದೇ ನೇರಕ್ಕೆ, ಹಿಂದೆ, ಅವರದೇ ಇನ್ನೊಂದು ಕಾಲಾಳು ನಿಂತಿತ್ತು. ಹೀಗೆ ಹಿಂದೆ ಮುಂದೆ ಒಂದೇ ಉದ್ದಸಾಲಿನಲ್ಲಿ ತನ್ನ ಎರಡು ಕಾಲಾಳು ಇಟ್ಟರೆ ಆ ಕ್ಷಣವೇ ಸೋಲು. ದೊಡ್ಡ ದೊಡ್ಡವರೂ ಆಟದ ಗುಂಗಿನಲ್ಲಿ ಮಾಡಿಬಿಡುವ ತಪ್ಪು ಅದು. ಆದರೆ ಅವರ ಮಗಳು ಹಾಗೆ ತಿಳಿಯುತ್ತಾಳೆಯೇ?

ಅವಳಿಗೂ ಕಂಡಿತ್ತು. ನನ್ನನ್ನೇ ದಿಟ್ಟಿಸುತ್ತಿದ್ದಳು. ನನ್ನ ಬೆನ್ನ ಹಿಂದೆ, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಿಂದ ಆಡಲು ಬಂದಿದ್ದ ಡಾಕ್ಟರೊಬ್ಬರು ನಿಂತಿದ್ದರು, ಮೂಲ ಧಾರವಾಡದವರು. ಯಾರಿಗೂ ತಿಳಿಯದಿರಲೆಂದು ಕನ್ನಡದಲ್ಲಿ ಪಿಸುಗುಟ್ಟಿದರು. "ಸುಮ್ಮನಿರ್ರಿ ಅಕ್ಕಾರ. ವಯಸ್ಸಾದವ್ರು. ಕಂಡೂ ಕಾಣದಂಗ ಆಡಿಬಿಡ್ರಿ."

ಕಂಡೂ ಕಾಣದಂತೆ! ನನಗೆ ರೇಗಿಹೋಯಿತು. ನಮ್ಮ ಪೈಕಿ ಹಿರಿಯರಿಗೆ ಮರ್ಯಾದೆ ಕೊಡುವ ರೀತಿಯೇ ಇದು: ಕೇರಂ ಆಡಿದರೆ ತಾತನಿಗೆ ರಾಣಿ ಬಿಟ್ಟುಕೊಡುವುದು, ಇಸ್ಪೀಟಿನಲ್ಲಿ ಅಜ್ಜಿಯ ಕಳ್ಳಾಟಕ್ಕೆ ನಕ್ಕುಬಿಡುವುದು. ಇವರೇನು ಹೊತ್ತು ಕಳೆಯಲು ಬಂದ ತಾತನೇ? ಹೇಳಿದರೆ ಅವರ ಆಟ ಇವತ್ತಿಗೇ ನಿಂತುಹೋಗಬಹುದು, ನಿಜ. ನನಗೂ ಹೆದರಿಕೆಯಾಯಿತು, ಅಳುವೂ ಬಂತು. ಆದರೆ ಹೇಳದಿದ್ದರೆ ಎದುರಿಗೆ ಕೂತವರು ಆಟಗಾರರೇ ಅಲ್ಲ ಎಂದು ನಾನೇ ತೀರ್ಪು ಕೊಟ್ಟಂತೆ. ಅದು ನನ್ನ ಕೈಲಾಗುವುದಿಲ್ಲ.

"ಮೇಷ್ಟ್ರೇ, ಎರಡು ಕಾಲಾಳು," ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.

ಅವರು ಮಣೆ ನೋಡಿದರು. ಕಿವಿ ಕೆಂಪಾಯಿತು. ಎರಡೂ ಕೈ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ತಲೆ ಬಾಗಿಸಿ, ಇಡೀ ಕೋಣೆಗೆ ಕೇಳುವಂತೆ ಹೇಳಿದರು: "ಸೋತೆ."

"ನಿಮಗೆ ಅಷ್ಟು ಹೇಳಿದ್ದೆನಲ್ಲ!" ಎಂದು ಮಗಳು ನನ್ನ ಮೇಲೆ ರೇಗಿ ಎದ್ದಳು. ಅಪ್ಪನ ಟೋಪಿ ಕೈಗೆತ್ತಿಕೊಂಡಳು. "ನಡೀರಿ ಅಪ್ಪ, ಸಾಕು."

ಮೇಷ್ಟ್ರು ಏಳಲಿಲ್ಲ. ಶೋಗಿಯಲ್ಲಿ ಆಟ ಮುಗಿದ ಮೇಲೆ ಗೆದ್ದವರು ಸೋತವರು ಇಬ್ಬರೂ ಕೂತು, ಎಲ್ಲಿ ಏನಾಯಿತು ಎಂದು ಮತ್ತೆ ನಡೆಸಿ ನೋಡುವುದು ಪದ್ಧತಿ. ಅವರು ಕಾಯಿಗಳನ್ನೆಲ್ಲ ಮೊದಲಿದ್ದಂತೆ ಜೋಡಿಸಿ, ನನ್ನ ನಡೆ, ತಮ್ಮ ನಡೆ ಎರಡನ್ನೂ ತಾವೇ ನಡೆಸುತ್ತಾ ಹೋದರು. ನನಗೇ ಮರೆತುಹೋದ ನಡೆಗಳವು. ಎಲ್ಲೂ ತಡವರಿಸಲಿಲ್ಲ. ಆ ಕಾಲಾಳಿನ ಹತ್ತಿರ ಬಂದಾಗ ಮಾತ್ರ ಕೈ ನಿಲ್ಲಿಸಿ, ಮಗಳ ಕಡೆ ತಿರುಗಿದರು. ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು.

"ಸ್ಟವ್ ಮರೆತೆ, ನಿಜ. ಮನೆ ಮರೆತೆ, ಅದೂ ನಿಜ. ಬೇಕಾದರೆ ಅಡುಗೆಮನೆಗೆ ಬೀಗ ಹಾಕು. ಆದರೆ ನನ್ನ ಸೋಲನ್ನ ಯಾರೂ ಮುಚ್ಚಿಡಬೇಡಿ. ಜೀವಮಾನವೆಲ್ಲ ಸಂಪಾದಿಸಿದ್ದು ಅದು."

ಡಾಕ್ಟರು ಗೋಡೆ ನೋಡತೊಡಗಿದರು. ಮಗಳು ಮಣೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಟೋಪಿಯನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ, ಸಿಟ್ಟಿಳಿಯದ ದನಿಯಲ್ಲೇ ಕೇಳಿದಳು:

"ಮುಂದಿನ ತಿಂಗಳ ಆಟದ ಶನಿವಾರ ನನಗೆ ಆಫೀಸ್ ಇದೆ. ನೀವು ಕರ್ಕೊಂಡು ಬರ್ತೀರಾ?"